ಎರಡನೆಯ ಟಾಬಿಥಾ

ಏಪ್ರಿಲ್ ೧೮, ಗುರುವಾರ

ವಂಶಾವಳಿ ಹುಡುಕುವವರ ತ್ರೈಮಾಸಿಕ ಇವತ್ತು ಬಂತು. ಮೂವತ್ತೇಳು ವರ್ಷ ಊರವರ ಮನೆಬಾಗಿಲಿಗೆ ಅಂಚೆ ಮುಟ್ಟಿಸಿದವಳು ನಾನು. ನಿವೃತ್ತಿಯಾದ ಮೇಲೆ ನನ್ನ ಡಬ್ಬಿಗೆ ಬರುವುದು ಇದೊಂದು, ಬಿಟ್ಟರೆ ಕರೆಂಟ್ ಬಿಲ್ಲು. ಹಿಂದಿನ ಪುಟದ ಮೂಲೆಯಲ್ಲಿ ಕೆಂಟಕಿಯ ಗುಡ್ಡಸೀಮೆಯಿಂದ ಡೆಲ್ಫಾ ಬ್ರೇ ಎಂಬಾಕೆಯ ಪ್ರಕಟಣೆ ಇತ್ತು:

"ಗಿಡಿಯನ್ ಲವೆಲ್ ವಂಶದವರು ಯಾರಾದರೂ ಉಳಿದಿದ್ದರೆ ಬೇಗ ಬನ್ನಿ. ನಿಮ್ಮವರ ಹನ್ನೊಂದು ಗೋರಿಗಳಿರುವ ಅರ್ಧ ಎಕರೆಯನ್ನು ಕಲ್ಲುಗಣಿಯವರು ಅಗೆಯಲಿದ್ದಾರೆ. ರಕ್ತಸಂಬಂಧಿಗಳು ಬಂದು ಬೇಡವೆಂದರೆ ಮಾತ್ರ ನಿಲ್ಲಿಸುತ್ತಾರಂತೆ. ನಾನು ಸಂಬಂಧಿಯಲ್ಲ, ಹುಲ್ಲು ಕತ್ತರಿಸುವವಳು. ವಿಚಾರಣೆ ಜೂನ್ ನಾಲ್ಕಕ್ಕೆ."

ಕೆಳಗೆ ಹನ್ನೊಂದು ಗೋರಿಗಳ ಪಟ್ಟಿ, ಹೆಸರು, ಇಸವಿ ಸಮೇತ.

ನಾನು ಎದ್ದು ನಿಂತುಬಿಟ್ಟೆ. ಗಿಡಿಯನ್ ಲವೆಲ್‌ನ ಮಗಳು ಟಾಬಿಥಾ, ಅವಳಿಂದ ಐದನೇ ತಲೆ ನಾನು. ಹದಿನೆಂಟು ವರ್ಷದಿಂದ ಈ ಎಳೆ ಹಿಡಿದು ಹುಡುಕುತ್ತಿದ್ದೇನೆ. ಮೊದಲನೇ ಲವೆಲ್ ಹಡಗಿನ ಬಾಡಿಗೆ ತೀರಿಸಲು ವರ್ಜೀನಿಯಾದ ಹೊಗೆಸೊಪ್ಪಿನ ಹೊಲದಲ್ಲಿ ಏಳು ವರ್ಷ ಜೀತ ಮಾಡಿದವನು. ಅವನ ಮೊಮ್ಮಕ್ಕಳು ಬೆಟ್ಟದ ಬುಡಕ್ಕೆ ಸರಿದರು. ಗಿಡಿಯನ್ ಕಣಿವೆ ದಾಟಿ ಕೆಂಟಕಿಗೆ ಬಂದ. ಟಾಬಿಥಾ ತನ್ನ ಗಂಡ ಅಮೋಸ್ ಪರ್ಸೆಲ್‌ನ ಜೊತೆ ಮಿಸೌರಿಗೆ, ಅಲ್ಲಿಂದ ಎತ್ತಿನ ಬಂಡಿಯಲ್ಲಿ ಇಲ್ಲಿಗೆ, ಒರೆಗಾನ್‌ಗೆ ಬಂದಳು. ಪ್ರತಿ ತಲೆಯೂ ಸೂರ್ಯ ಮುಳುಗುವ ಕಡೆಗೇ ಹೊರಟಿದೆ. ಆ ನೆಲ ಅದಕ್ಕೂ ಮೊದಲು ಯಾರದಾಗಿತ್ತು ಎಂಬುದನ್ನು ಮಾತ್ರ ನಮ್ಮವರು ಯಾರೂ ಬರೆದಿಟ್ಟಿಲ್ಲ.

ನಾನು ಹೋಗುತ್ತೇನೆ. ಮೊದಲ ಬಾರಿಗೆ ನಮ್ಮ ಮನೆತನದಲ್ಲಿ ಒಬ್ಬಳು ಪೂರ್ವಕ್ಕೆ ಹೊರಟಿದ್ದಾಳೆ.

ಏಪ್ರಿಲ್ ೨೧, ಭಾನುವಾರ

ಕಾಗದ ಜೋಡಿಸಿಕೊಂಡೆ. ನಮ್ಮ ಹಳೆಯ ಬ್ಯಾಪ್ಟಿಸ್ಟರಲ್ಲಿ ಊರು ಬಿಡುವವರಿಗೆ ಚರ್ಚಿನ ಸಭೆಯವರು ಒಂದು ಪತ್ರ ಬರೆದುಕೊಡುತ್ತಿದ್ದರು: ಇವರು ನಮ್ಮವರು, ನಡತೆ ಒಳ್ಳೆಯದು, ಸೇರಿಸಿಕೊಳ್ಳಿ ಎಂದು. ಹೊಸ ಊರಿನ ಸಭೆಯವರು ಅದನ್ನು ನೋಡಿ ದಾಖಲೆಗೆ ಬರೆದುಕೊಳ್ಳುತ್ತಿದ್ದರು. ಆ ಪತ್ರಗಳ ಬೆನ್ನು ಹತ್ತಿದರೆ ಒಂದು ಸಂಸಾರ ನಡೆದ ದಾರಿ ಸಿಕ್ಕಿಬಿಡುತ್ತದೆ. ಮಿಸೌರಿಯ ಪುಸ್ತಕದಲ್ಲಿ "ಅಮೋಸ್ ಪರ್ಸೆಲ್, ಪತ್ರದೊಂದಿಗೆ" ಎಂದಿದೆ. ಟಾಬಿಥಾಳ ಹೆಸರೇ ಇಲ್ಲ. ಗಂಡನಿಗೆ ಪತ್ರ ಇದ್ದು ಹೆಂಡತಿಗೆ ಇಲ್ಲದೆ ಹೇಗೆ? ಯಾವನೋ ಗುಮಾಸ್ತ ಮರೆತಿರಬೇಕು.

ಇನ್ನು ಮನೆತನದ ಬೈಬಲ್. ಅದರ ಮೊದಲ ಪುಟದಲ್ಲಿ ಟಾಬಿಥಾ ತನ್ನ ಕೈಯಾರೆ ಅಪ್ಪನ ಹೆಸರು, ತಾನು ಹುಟ್ಟಿದ ದಿನ ಬರೆದಿದ್ದಾಳೆ. ಬೈಬಲ್ ಇರುವುದು ನಲವತ್ತು ಮೈಲಿ ದೂರದ ಹೊಲದ ಮನೆಯಲ್ಲಿ, ನನ್ನ ತಮ್ಮ ವೆಂಡೆಲ್ ಬಳಿ. ಅವನನ್ನು ಕೇಳುವ ಪ್ರಶ್ನೆಯೇ ಇಲ್ಲ. ಅಮ್ಮ ಆ ಪುಟವನ್ನು ನಕಲು ಮಾಡಿಕೊಟ್ಟ ಹಾಳೆ ನನ್ನಲ್ಲಿದೆ, ಸಾಕು.

ಮೂರು ವರ್ಷವಾಯಿತು ಮಾತು ಬಿಟ್ಟು. ಅಮ್ಮ ಹೋಗುವ ದಿನ ಆಸ್ಪತ್ರೆಯಿಂದ ಎರಡು ಸಲ ಫೋನ್ ಮಾಡಿದೆ. ಅವನು ಹುಲ್ಲಿನ ಕಟ್ಟು ಕಟ್ಟಿಸುತ್ತಿದ್ದ. ಬರುವಷ್ಟರಲ್ಲಿ ಅಮ್ಮ ಇರಲಿಲ್ಲ. ಮಣ್ಣು ಮಾಡಿ ಬಂದ ಮೇಲೆ, ಊಟದ ಹೊತ್ತಿಗೆ, ಚರ್ಚಿನ ಹಾಲ್‌ನಲ್ಲಿ ಎಲ್ಲರ ಮುಂದೆ ಹೇಳಿದೆ: "ನಿನಗೆ ಅಮ್ಮನಿಗಿಂತ ಹುಲ್ಲೇ ಹೆಚ್ಚಾಯ್ತು ಕಣೋ." ಅವನು ತಟ್ಟೆ ಕೆಳಗಿಟ್ಟು ಎದ್ದು ಹೋದ. ನಾನು ಹೇಳಿದ್ದು ಸುಳ್ಳೇನಲ್ಲ.

ಮೇ ೩, ಶುಕ್ರವಾರ

ಹೊರಟೆ. ಇಡಾಹೊ ದಾಟಿದೆ. ಬೆನ್ನು ನೋವು.

ಮೇ ೫, ಭಾನುವಾರ

ನೆಬ್ರಾಸ್ಕಾ. ಪ್ಲಾಟ್ ಹೊಳೆಯ ಪಕ್ಕದ ರಸ್ತೆ. ಅವರು ವಾರಗಟ್ಟಲೆ ನಡೆದ ದಾರಿಯನ್ನು ನಾನು ಒಂದು ಹಗಲಲ್ಲಿ ಮುಗಿಸಿದೆ, ಮಧ್ಯೆ ಎರಡು ಸಲ ಕಾಫಿಗೆ ನಿಂತು. ಅವಳ ಜೊತೆ ಆರು ಮಕ್ಕಳಿದ್ದರು, ಬಂಡಿಯೊಳಗೆ ಜಾಗವಿಲ್ಲದೆ ತಾನು ನಡೆದೇ ಬಂದಳು ಎಂದು ಅಪ್ಪ ಹೇಳುತ್ತಿದ್ದ. ನನ್ನ ಬೆನ್ನುನೋವಿನ ಬಗ್ಗೆ ಇನ್ನು ಬರೆಯುವುದಿಲ್ಲ.

ಮೇ ೯, ಗುರುವಾರ

ಕೆಂಟಕಿ. ಡೆಲ್ಫಾ ಬ್ರೇ ಮನೆ ಹುಡುಕಲು ಅರ್ಧ ದಿನ ಹಿಡಿಯಿತು. ವಯಸ್ಸು ಎಂಬತ್ತಮೂರು, ಒಂಟಿ ಜೀವ, ಕಣ್ಣಿಗೆ ಪೊರೆ ಬಂದಿದೆ, ನಾಲಿಗೆಗೆ ಬಂದಿಲ್ಲ. ಈ ಕಣಿವೆಯಲ್ಲಿ ಎಲ್ಲರೂ ಆಕೆಯನ್ನು ಅತ್ತೆ ಎನ್ನುತ್ತಾರೆ. ನಾನೂ ಹಾಗೇ ಕರೆದೆ.

"ಬಂದ್ಯಾ? ಲವೆಲ್ ಮೂಗು ಇದ್ಯೇನೆ ನಿನ್ಗೆ? ಹತ್ರ ಬಾ, ನೋಡ್ತೀನಿ."

"ಲವೆಲ್ ಮೂಗು ಹೆಂಗಿರುತ್ತೆ ಅತ್ತೆ?"

"ನಂಗೇನ್ ಗೊತ್ತು? ಅವ್ರೆಲ್ಲ ಸತ್ತು ಕಾಲ ಆಯ್ತು. ನಾನು ನೋಡಿರೋದು ಅವ್ರ ಮೇಲಿನ ಹುಲ್ಲು ಮಾತ್ರ."

ಬೇಯಿಸಿದ ಬೀನ್ಸು, ಮೆಕ್ಕೆಜೋಳದ ಬ್ರೆಡ್ಡು ಬಡಿಸಿದಳು. ಮಹಡಿಯ ಕೋಣೆ ಬಿಟ್ಟುಕೊಟ್ಟಳು. ಗುಡ್ಡದ ಮೇಲಿನ ಗೋರಿಗಳನ್ನು ನೋಡಿ ಬಂದೆ. ಬೇಲಿಯಾಚೆ ಗಣಿಯ ಯಂತ್ರಗಳು ಸಾಲಾಗಿ ನಿಂತಿವೆ. ಹುಲ್ಲು ಒಂದೇ ಮಟ್ಟಕ್ಕೆ ಕತ್ತರಿಸಿದೆ, ಒಂದು ಕಲ್ಲೂ ವಾಲಿಲ್ಲ. ಸಂಬಂಧವೇ ಇಲ್ಲದವಳು ಇಷ್ಟೆಲ್ಲ ಏಕೆ ಮಾಡುತ್ತಾಳೋ ತಿಳಿಯಲಿಲ್ಲ. ಕೇಳಿದರೆ, "ನಮ್ಮನೇಲಿ ಮಾಡ್ತಾ ಬಂದಿದಾರೆ, ಮಾಡ್ತೀನಿ" ಎಂದಳು.

ಮೇ ೧೪, ಮಂಗಳವಾರ

ಕೌಂಟಿ ಕಚೇರಿಯಲ್ಲಿ ಕಲ್ಲುಗಣಿಯ ವಕೀಲ ನನ್ನ ಕಾಗದ ನೋಡಿದ. ಮೂವತ್ತು ದಾಟಿರದ ಹುಡುಗ, ಬಹಳ ಮರ್ಯಾದಸ್ಥ. ಅದೇ ನನಗೆ ಇನ್ನಷ್ಟು ಸಿಟ್ಟು ತರಿಸಿತು.

"ಮೇಡಂ, ನೀವು ಗಿಡಿಯನ್ ಲವೆಲ್ ಮಗಳು ಟಾಬಿಥಾ ವಂಶ ಅಂತೀರಿ. ಸರಿ. ಆದ್ರೆ ಆ ಟಾಬಿಥಾ ಇಲ್ಲೇ ಇದಾಳಲ್ಲ." ಡೆಲ್ಫಾ ಅತ್ತೆಯದೇ ಪ್ರಕಟಣೆ ತೆಗೆದು ಆರನೇ ಗೋರಿಗೆ ಬೆರಳಿಟ್ಟ. ಟಾಬಿಥಾ, ಗಿಡಿಯನ್‌ನ ಮಗಳು, ೧೮೦೪ರಿಂದ ೧೮೦೯. "ಐದು ವರ್ಷಕ್ಕೇ ಸತ್ತ ಮಗುಗೆ ಮೊಮ್ಮಕ್ಕಳು ಎಲ್ಲಿಂದ ಬಂದ್ರು?"

"ನಮ್ಮ ಟಾಬಿಥಾ ಆಮೇಲೆ ಹುಟ್ಟಿದೋಳು, ಸಾವಿರದ ಎಂಟ್ನೂರ ಹನ್ನೊಂದರಲ್ಲಿ. ಆಗೆಲ್ಲ ಒಂದು ಮಗು ಸತ್ರೆ ಮುಂದಿನ ಮಗುಗೆ ಅದೇ ಹೆಸರು ಇಡ್ತಿದ್ರು. ಎಲ್ಲಾರಿಗೂ ಗೊತ್ತಿರೋ ರೂಢಿ."

"ರೂಢಿ ಇರ್ಬಹುದು ಮೇಡಂ. ಈ ಮನೇಲಿ ಹಾಗೇ ಇಟ್ರು ಅನ್ನೋಕೆ ಕಾಗದ ಏನಿದೆ?"

ಕೋರ್ಟಿನ ಹಳೆಯ ದಾಖಲೆಗಳು ಅಂತರ್ಯುದ್ಧದಲ್ಲಿ ಸುಟ್ಟುಹೋಗಿವೆ. ಅಮ್ಮನ ನಕಲು ಹಾಳೆ ಮುಂದಿಟ್ಟೆ. ಅವನು ಅದನ್ನು ಹಿಂದಕ್ಕೆ ತಳ್ಳಿದ, ಮೆಲ್ಲಗೆ.

"ಮೂಲ ಬೈಬಲ್ ತನ್ನಿ. ಅದು ಬಂದ್ರೂ ಈ ಗೋರಿಗೆ ಉತ್ತರ ಬೇಕೇಬೇಕು."

ಮೇ ೧೫, ಬುಧವಾರ

ಉತ್ತರ ಕೊಡುತ್ತೇನೆ. ಕೊಡದೆ ಇಲ್ಲಿಂದ ಕದಲುವುದಿಲ್ಲ.

ಮೇ ೨೦, ಸೋಮವಾರ

ನಾಲ್ಕು ದಿನ ಮೂರು ಗ್ರಂಥಾಲಯ ತಿರುಗಿದೆ. ಎಲ್ಲೂ ಏನಿಲ್ಲ. ಸಂಜೆ ಬಟಾಣಿ ಸುಲಿಯುತ್ತಾ ಡೆಲ್ಫಾ ಅತ್ತೆಗೆ ಹೇಳಿದೆ, ಇಲ್ಲಿನ ಹಳೆಯ ಚರ್ಚಿನ ಸಭೆಯ ಪುಸ್ತಕವೊಂದು ಸಿಕ್ಕಿದ್ದರೆ ಚೆನ್ನಾಗಿತ್ತು, ಚರ್ಚೇ ಮುಚ್ಚಿ ಐವತ್ತು ವರ್ಷವಾಯಿತಲ್ಲ ಎಂದು. ಆಕೆ ಸುಲಿಯುವುದನ್ನು ನಿಲ್ಲಿಸಿದಳು.

"ಪುಸ್ತಕ ಇದೆ."

"ಎಲ್ಲಿ?"

"ನನ್ನ ಮಂಚದ ಕೆಳ್ಗಿನ ಪೆಟ್ಟಿಗೇಲಿ. ನಮ್ಮಜ್ಜ ಕೊನೇ ಗುಮಾಸ್ತ. ಸಭೆ ಮಾತು ಸಭೇಲೇ ಇರ್ಬೇಕು, ಹೊರಗಿನೋರಿಗೆ ತೋರಿಸ್ಬೇಡ ಅಂತ ಹೇಳಿ ಕೊಟ್ಟಿದಾನೆ."

"ಹನ್ನೊಂದು ದಿನದಿಂದ ನಿಮ್ಮನೇಲಿ ಇದೀನಿ ಅತ್ತೆ! ಈಗ ಹೇಳ್ತೀರಾ?"

"ಹೊರಗಿನೋಳು ಮನೇಲಿದ್ರೆ ಒಳಗಿನೋಳು ಆಗ್ತಾಳಾ? ಬಟಾಣಿ ಸುಲಿ."

ಸುಲಿದೆ. ಸಿಪ್ಪೆಗಳನ್ನು ಸ್ವಲ್ಪ ಜೋರಾಗಿಯೇ ಬಕೆಟ್ಟಿಗೆ ಎಸೆದೆ.

ಮೇ ೨೬, ಭಾನುವಾರ

ಗೋರಿಗಳನ್ನು ಸಿಂಗರಿಸುವ ಭಾನುವಾರ. ಕಣಿವೆಯವರೆಲ್ಲ ಗುಡ್ಡ ಹತ್ತಿ ಬಂದರು. ವರ್ಷವಿಡೀ ಕತ್ತರಿಸಿ ಬಿಟ್ಟ ಹುಲ್ಲನ್ನು ಈ ದಿನ ಗೋರಿಯ ಮೇಲೆ ಉಳಿಸುವುದಿಲ್ಲ, ಗುದ್ದಲಿಯಿಂದ ಕೆರೆದು ಮಣ್ಣನ್ನು ದಿಬ್ಬವಾಗಿ ಏರಿಸಿ ಮೇಲೆ ಬಣ್ಣದ ಕಾಗದದ ಹೂವು ಚುಚ್ಚುತ್ತಾರೆ. ನಾನು ಗುದ್ದಲಿ ತೆಗೆದುಕೊಂಡು ಗಿಡಿಯನ್‌ನ ಗೋರಿಗೆ ಕೈ ಹಾಕಿದೆ. ಡೆಲ್ಫಾ ಅತ್ತೆ ಕೂಗಿದಳು.

"ಅಲ್ಲಲ್ಲ! ಮೊದ್ಲು ಮಗೂದು. ಮಗು ಗೋರಿ ಆದ್ಮೇಲೆ ಮಿಕ್ಕೋರು. ನಮ್ಮೋರ ಗೋರಿಗೂ ಆಮೇಲೇ ಹೋಗೋದು."

"ಯಾಕೆ?"

"ನಮ್ಮಜ್ಜಿ ಹಂಗೇ ಮಾಡ್ತಿದ್ಲು. ಅವಳ ಅತ್ತೇನೂ ಹಂಗೇ ಅಂತೆ."

ಐದು ವರ್ಷದ ಟಾಬಿಥಾಳ ಗೋರಿ ಕೆರೆದೆ. ನನ್ನ ಕೇಸು ಕೆಡಿಸಿದ ಕಲ್ಲು ಅದು. ಆದರೂ ಮಣ್ಣು ಏರಿಸುವಾಗ ಸಿಟ್ಟು ಬರಲಿಲ್ಲ, ಅಳು ಬಂತು. ಇಷ್ಟು ಚಿಕ್ಕ ದಿಬ್ಬ. ಆಮೇಲೆ ಗೋರಿಗಳ ನಡುವೆಯೇ ಮೇಜುಬಟ್ಟೆ ಹಾಸಿ ಊಟ ಮಾಡಿದೆವು: ಹಂದಿಮಾಂಸ, ಮೊಟ್ಟೆ, ನಾಲ್ಕು ತರದ ಸಿಹಿ. ನಾನು ಎಲ್ಲರ ತಟ್ಟೆ ತೊಳೆದೆ. ಬಗ್ಗಿದ ಬೆನ್ನು ನೆಟ್ಟಗಾಗಲು ಹತ್ತು ನಿಮಿಷ ಬೇಕಾಯಿತು.

ಇಳಿಯುವಾಗ ಡೆಲ್ಫಾ ಅತ್ತೆ ನನ್ನ ತೋಳು ಹಿಡಿದುಕೊಂಡಳು. "ಬುಧವಾರ ಓದು. ಆದ್ರೆ ಜೋರಾಗಿ ಓದ್ಬೇಕು, ನಂಗೂ ಕೇಳೋ ಹಂಗೆ. ನಂಗೆ ಕಣ್ಣಿದ್ದಾಗ್ಲೂ ಆ ಬರವಣಿಗೆ ಓದೋಕೆ ಬರ್ಲಿಲ್ಲ."

ಮೇ ೨೯, ಬುಧವಾರ

ಬೆಳಿಗ್ಗೆ ಎಂಟಕ್ಕೆ ಶುರು ಮಾಡಿದೆ. ಯಾರ ಹಸು ಯಾರ ಜೋಳ ಮೇಯಿತು, ಯಾರು ಕುಡಿದು ಬಂದರು, ಯಾರು ಪಿಟೀಲಿಗೆ ಕುಣಿದರು. ಡೆಲ್ಫಾ ಅತ್ತೆ ಬಿದ್ದು ಬಿದ್ದು ನಕ್ಕಳು, "ಅವ್ನ ಮೊಮ್ಮಕ್ಳೂ ಹಂಗೇ ಕಣೆ!" ಎಂದಳು. ಮಧ್ಯಾಹ್ನದ ನಂತರ ಈ ಪುಟ ಬಂತು. ಇದ್ದ ಹಾಗೇ ಬರೆದುಕೊಂಡಿದ್ದೇನೆ:

"ಅಕ್ಟೋಬರ್ ತಿಂಗಳ ಮೂರನೇ ಶನಿವಾರ, ೧೮೨೯. ಗಿಡಿಯನ್ ಲವೆಲರ ಮಗಳೂ ಅಮೋಸ್ ಪರ್ಸೆಲರ ಹೆಂಡತಿಯೂ ಆದ ಸಹೋದರಿ ಟಾಬಿಥಾ, ಸಹೋದರಿ ಕೆಜಾಯಾ ಬ್ರೇ ಅವರನ್ನು ತೊರೆಯ ಬಳಿ ಬಟ್ಟೆ ಬಡಿಯುವ ಕೋಲಿನಿಂದ ಹೊಡೆದಳೆಂದು ದೂರು. ಕಾರಣ ಕೇಳಲಾಗಿ, ಕೆಜಾಯಾ ತನ್ನನ್ನು ಸತ್ತ ಅಕ್ಕನ ಹೆಸರು ಹೊದ್ದು ತಿರುಗುವವಳು, ಹೆತ್ತವರು ಮರಳಿ ಬೇಡಿದ್ದು ಆ ಮಗುವನ್ನೇ ಹೊರತು ತನ್ನನ್ನಲ್ಲ ಎಂದು ಎಲ್ಲರ ಮುಂದೆ ಆಡಿದಳೆಂದು ಟಾಬಿಥಾ ಹೇಳಿದಳು. ಪಶ್ಚಾತ್ತಾಪ ಉಂಟೇ ಎಂದು ಮೂರು ಸಲ ಕೇಳಲಾಯಿತು. ಮೂರು ಸಲವೂ ಇಲ್ಲ ಎಂದಳು. ಸಭೆಯಿಂದ ಹೊರಗಿಡಲಾಯಿತು. ಪತ್ರ ಕೊಡತಕ್ಕದ್ದಲ್ಲ."

ನಾನು ಕುರ್ಚಿಯಿಂದ ಹಾರಿಬಿಟ್ಟೆ. ಎರಡನೇ ಟಾಬಿಥಾ! ಸತ್ತ ಅಕ್ಕ, ಅದೇ ಹೆಸರು, ಅಪ್ಪನ ಹೆಸರು, ಗಂಡನ ಹೆಸರು, ಎಲ್ಲ ಒಂದೇ ಪುಟದಲ್ಲಿ. ಪತ್ರ ಏಕಿರಲಿಲ್ಲ ಎಂಬುದಕ್ಕೂ ಉತ್ತರ. ಮೂರು ಸಲ ಕೇಳಿದರೂ ಇಲ್ಲ ಎಂದಳಂತೆ! ನನ್ನ ಅಜ್ಜಿಯೇ ಸರಿ.

ತಿರುಗಿ ನೋಡಿದರೆ ಡೆಲ್ಫಾ ಅತ್ತೆಯ ಮುಖ ಗೋಡೆಯ ಕಡೆಗಿತ್ತು.

"ಕೆಜಾಯಾ ನಮ್ಮಜ್ಜನ ಅಜ್ಜಿ" ಎಂದಳು. "ಪುಸ್ತಕ ಮುಚ್ಚು."

ಮೇ ೩೦, ಗುರುವಾರ

ಬೆಳಿಗ್ಗೆ ತಿಂಡಿಗೆ ಕರೆಯಲಿಲ್ಲ. ನಾನೇ ಕಾಫಿ ಮಾಡಿ ಅಂಗಳದ ಕುರ್ಚಿಗೆ ತಂದುಕೊಟ್ಟೆ.

"ಈ ಪುಟಾನ ಕೋರ್ಟಲ್ಲಿ ಓದ್ಬೇಕು ನೀನು."

"ಹೌದು ಅತ್ತೆ."

"ಇಡೀ ಕಣಿವೆ ಬಂದಿರುತ್ತೆ. ಎಂಬತ್ತಮೂರು ವರ್ಷ ನಮ್ಮೋರು ದೊಡ್ಡ ಧರ್ಮಾತ್ಮರು ಅಂತ ತಲೆ ಎತ್ಕೊಂಡು ಓಡಾಡಿದೀನಿ. ಒಂದು ಎಳೇ ಹೆಣ್ಣಿಗೆ ಅಂಥ ಮಾತು ಆಡಿದ್ಲಲ್ಲ ನಮ್ಮ ಮುದುಕಿ. ಹೊಡ್ತಕ್ಕಿಂತ ಅದೇ ಕೆಟ್ಟದ್ದು."

ಒತ್ತಾಯ ಮಾಡಬೇಕೆಂದುಕೊಂಡೇ ಹೋಗಿದ್ದೆ. ಆದರೆ ಮನಸ್ಸು ಬರಲಿಲ್ಲ. ಆಕೆಯೇ ಅಂದಳು, "ಮುಂದೆ ಏನಿದೆ ಓದು. ಅರ್ಧ ಕೇಳಿ ಸುಮ್ನಿರೋಳಲ್ಲ ನಾನು."

ಓದಿದೆ. ೧೮೩೦ರಿಂದ ೧೮೩೩ರ ತನಕ ಅವರಿಬ್ಬರ ಬಗ್ಗೆ ಏನೂ ಇಲ್ಲ. ಆಮೇಲೆ:

"ಮೇ, ೧೮೩೪. ಸಹೋದರಿ ಕೆಜಾಯಾ ಬ್ರೇ ಎದ್ದು ನಿಂತು, ಟಾಬಿಥಾಳ ವಿಷಯದಲ್ಲಿ ತಪ್ಪು ತನ್ನದೆಂದು ಒಪ್ಪಿಕೊಂಡಳು. ತನ್ನ ಮಗು ತೀರಿಕೊಂಡ ಮೇಲೆ ಹುಟ್ಟಿದ ಹೆಣ್ಣಿಗೆ ತಾನೂ ಆ ಸತ್ತ ಮಗುವಿನ ಹೆಸರನ್ನೇ ಇಟ್ಟಿರುವುದಾಗಿ ಹೇಳಿ ಅತ್ತಳು. ಲವೆಲರು ಯಾರೂ ಇಲ್ಲಿ ಉಳಿದಿಲ್ಲವಾದ್ದರಿಂದ ಆ ಚಿಕ್ಕ ಗೋರಿಯನ್ನೂ ಮಿಕ್ಕವನ್ನೂ ತಾನು, ತನ್ನ ನಂತರದವರು ನೋಡಿಕೊಳ್ಳುವುದಾಗಿ ಮಾತು ಕೊಟ್ಟಳು. ಟಾಬಿಥಾಳನ್ನು ಮರಳಿ ಸಭೆಗೆ ಸೇರಿಸಿ ಪತ್ರ ಬರೆಯಲು ಒಪ್ಪಲಾಯಿತು. ಎಲ್ಲಿಗೆ ಕಳಿಸುವುದೆಂದು ಯಾರಿಗೂ ತಿಳಿಯದು. ತಿಳಿದಾಗ ಗುಮಾಸ್ತರು ಬರೆಯತಕ್ಕದ್ದು."

ಡೆಲ್ಫಾ ಅತ್ತೆ ತನ್ನ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು, ಕಾಣಿಸುತ್ತಿತ್ತೋ ಇಲ್ಲವೋ.

"ಮೊದ್ಲು ಮಗೂದು ಅಂತ ಯಾಕಂತಿದ್ರು ಅಂತ ಈಗ ಗೊತ್ತಾಯ್ತು ನೋಡು" ಎಂದಳು. "ತಗೊಂಡ್ ಹೋಗು ಪುಸ್ತಕ. ಎರಡೂ ಪುಟ ಓದು. ಒಂದೇ ಓದ್ಬಿಟ್ಟೀಯಾ!"

ಮೇ ೩೧, ಶುಕ್ರವಾರ

ಪುಸ್ತಕ ಸಿಕ್ಕಿದೆ. ಬೈಬಲ್ ಇಲ್ಲದೆ ನಾನೇ ಆ ಟಾಬಿಥಾಳ ಕಡೆಯವಳು ಎಂದು ಸಾಬೀತಾಗುವುದಿಲ್ಲ. ಮೂರು ಸಲ ನಂಬರ್ ಒತ್ತಿ ಮೂರು ಸಲ ಕಟ್ ಮಾಡಿದೆ. ನಾಲ್ಕನೇ ಸಲ ರಿಂಗ್ ಆಗಲು ಬಿಟ್ಟೆ.

"ಅಕ್ಕ?"

"ಬೈಬಲ್ ಬೇಕಿತ್ತು. ನಾಲ್ಕನೇ ತಾರೀಖಿನೊಳಗೆ ಕೆಂಟಕಿಗೆ."

"ಸರಿ."

ವಿಳಾಸ ಹೇಳಿದೆ. ಬರೆದುಕೊಂಡ. ಇಟ್ಟುಬಿಟ್ಟೆ. ಹೇಗಿದ್ದೀಯ ಎಂದು ಕೇಳಬಹುದಿತ್ತು.

ಜೂನ್ ೩, ಸೋಮವಾರ

ಬೆಳಗಿನ ಅಂಚೆಯಲ್ಲಿ ಬರಲಿಲ್ಲ. ಕೊರಿಯರ್ ಗಾಡಿಯೂ ಬರಲಿಲ್ಲ. ಮೂವತ್ತೇಳು ವರ್ಷ ಜನ ಬೇಲಿ ಹತ್ತಿರ ನಿಂತು ನನ್ನ ದಾರಿ ಏಕೆ ಕಾಯುತ್ತಿದ್ದರು ಎಂದು ಇವತ್ತು ಅರ್ಥವಾಯಿತು.

ಸಂಜೆ ಆರಕ್ಕೆ ಧೂಳು ಮೆತ್ತಿದ ಪಿಕಪ್ ಒಂದು ಅಂಗಳಕ್ಕೆ ಬಂತು. ಒರೆಗಾನ್ ನಂಬರು. ವೆಂಡೆಲ್ ಇಳಿದ, ಹೊಲದ ಬೂಟಿನಲ್ಲೇ. ಪಕ್ಕದ ಸೀಟಿನಲ್ಲಿ ಅಮ್ಮನ ಕಂಬಳಿಯಲ್ಲಿ ಸುತ್ತಿದ ಬೈಬಲ್, ಮೇಲೆ ಸೀಟ್ ಬೆಲ್ಟ್.

"ಅಂಚೇಲಿ ಹಾಕೋಕೆ ಧೈರ್ಯ ಬರ್ಲಿಲ್ಲ" ಎಂದ. "ನೀನು ರಿಟೈರ್ ಆಗಿದೀಯಲ್ಲ."

"ಮೊದಲ ಕೊಯ್ಲಿನ ಟೈಮು. ಹುಲ್ಲು?"

"ಬಿದ್ದಿದೆ ಹೊಲದಲ್ಲಿ. ಮಳೆ ಬಂದ್ರೆ ನೆನೆಯುತ್ತೆ."

ಊಟ ಆಯ್ತಾ ಎಂದೆ, ಇಲ್ಲ ಎಂದ. ಡೆಲ್ಫಾ ಅತ್ತೆ ಅವನ ಮುಖವನ್ನು ಹತ್ತಿರದಿಂದ ನೋಡಿ, "ಇವ್ನಿಗಿದೆ ಕಣೆ ಲವೆಲ್ ಮೂಗು" ಎಂದು ತೀರ್ಪು ಕೊಟ್ಟಳು.

ಜೂನ್ ೪, ಮಂಗಳವಾರ

ಗೆದ್ದೆವು. ಎರಡೂ ಪುಟ ಓದಿದೆ. ಮೊದಲ ಪುಟಕ್ಕೆ ಹಿಂದಿನ ಸಾಲುಗಳಲ್ಲಿ ಗುಸುಗುಸು ಎದ್ದಿತು, ಡೆಲ್ಫಾ ಅತ್ತೆ ಕೋಲೂರಿ ಎದ್ದು ನಿಂತಳು, ಎರಡನೇ ಪುಟ ಮುಗಿಯುವವರೆಗೂ ನಿಂತೇ ಇದ್ದಳು. ವಕೀಲ ಬೈಬಲ್ಲಿನ ತಾರೀಖನ್ನೂ ಗೋರಿಯ ತಾರೀಖನ್ನೂ ಎರಡು ಸಲ ತಾಳೆ ನೋಡಿ, ತನ್ನದೇನೂ ಆಕ್ಷೇಪವಿಲ್ಲ ಎಂದ. ಅರ್ಧ ಎಕರೆಯೂ ಅದರ ಸುತ್ತ ನೂರು ಅಡಿಯೂ ಇನ್ನು ಯಾರೂ ಮುಟ್ಟುವಂತಿಲ್ಲ.

ಜೂನ್ ೫, ಬುಧವಾರ

ತಿಂಡಿಯಾದ ಮೇಲೆ ಡೆಲ್ಫಾ ಅತ್ತೆ ಅಡುಗೆಮನೆಯ ಮೇಜು ಒರೆಸಿ, ಒಂದು ಬಿಳಿ ಹಾಳೆ, ಪೆನ್ನು ಇಟ್ಟುಕೊಂಡು ಕೂತಳು. ಹಾಳೆಗೆ ಮೂಗು ತಾಗುವಷ್ಟು ಬಗ್ಗಿ ಬರೆದಳು. ಒಂದೊಂದು ಅಕ್ಷರವೂ ಹುರುಳಿಕಾಯಿ ಗಾತ್ರ. ನನ್ನ ಕೈಲಿ ಓದಿಸಿದಳು:

"ಈ ಪತ್ರ ತರುವ ಟಾಬಿಥಾ ಲವೆಲ್ ಪರ್ಸೆಲ್ ನಮ್ಮವಳು. ನಡತೆ ಒಳ್ಳೆಯದು. ತಪ್ಪು ನಮ್ಮದಿತ್ತು. ದಯವಿಟ್ಟು ಸೇರಿಸಿಕೊಳ್ಳಿ. ಸಭೆಯ ಪರವಾಗಿ, ಡೆಲ್ಫಾ ಬ್ರೇ, ಗುಮಾಸ್ತೆ."

"ಸಭೇಲಿ ಬೇರೆ ಯಾರೂ ಉಳಿದಿಲ್ಲ, ಅದಕ್ಕೇ ನಾನೇ ಗುಮಾಸ್ತೆ" ಎಂದಳು. ಲಕೋಟೆ ತೆಗೆದುಕೊಂಡಳು. "ತಿಳಿದಾಗ ಬರೀಬೇಕು ಅಂದಿದಾರಲ್ಲ. ಈಗ ಹೇಳಿ. ಎಲ್ಲಿಗೆ ಕಳಿಸ್ಲಿ?"

ವೆಂಡೆಲ್ ತನ್ನ ವಿಳಾಸ ಹೇಳಿದ. "ಅವಳಿರೋದು ನಮ್ಮ ಹುಲ್ಲಿನ ಹೊಲದ ಮೇಲಿನ ದಿಬ್ಬದಲ್ಲಿ. ಬಂದ ದಿನಾನೇ ಕೊಟ್ಟು ಬರ್ತೀನಿ."

ಡೆಲ್ಫಾ ಅತ್ತೆ ಒಂದೊಂದೇ ಅಂಕಿ ಬರೆಯುವುದನ್ನು ನೋಡುತ್ತಾ ನಿಂತಿದ್ದೆ. ಕೆಜಾಯಾ ಐದು ವರ್ಷಕ್ಕೆ ಬುದ್ಧಿ ಕಲಿತಳು, ಆದರೆ ಅವಳಿಗೆ ವಿಳಾಸ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಮೂರು ವರ್ಷ, ನಲವತ್ತು ಮೈಲಿ, ಪಿನ್ ನಂಬರಿನ ಸಮೇತ ಬಾಯಿಪಾಠವಾಗಿತ್ತು.

"ವೆಂಡೆಲ್" ಎಂದೆ. "ಅವತ್ತು ಹುಲ್ಲಿನ ವಿಷಯ ಹೇಳಿದ್ನಲ್ಲ. ಎಲ್ಲರ ಮುಂದೆ. ಹೇಳಬಾರದಿತ್ತು ಕಣೋ. ತಪ್ಪು ನಂದು."

ಅವನು ತಲೆಯ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ. "ಆ ಹುಲ್ಲು ಅಮ್ಮನೇ ಕೊಯ್ಸು ಅಂದಿದ್ಲು ಅಕ್ಕ" ಎಂದ. "ನಂಗೇನಾಗಲ್ಲ, ಮಳೆ ಬರೋದ್ರೊಳಗೆ ಮುಗಿಸ್ಕೊಂಡು ಬಾ ಅಂದಿದ್ಲು."

ನಾನು ಕುರ್ಚಿ ಎಳೆದುಕೊಂಡು ಅವನ ಪಕ್ಕ ಕುಳಿತೆ. ಡೆಲ್ಫಾ ಅತ್ತೆ ಲಕೋಟೆಯ ಅಂಟು ನೆಕ್ಕಿ ಮುಚ್ಚಿ, ಅಂಗೈಯಿಂದ ಒತ್ತಿ, ಅಂಚೆಚೀಟಿ ಎಷ್ಟಾಗುತ್ತೆ ಎಂದು ನನ್ನನ್ನು ಕೇಳಿದಳು. ಚೀಟಿ ನಾನು ಹಚ್ಚಿದೆ.